ಕೋಸ್ಟರಿಕಾ: ಮಳೆಕಾಡಿನಲ್ಲಿ ವಿಜ್ಞಾನ, ಅಡುಗೆಮನೆಯಲ್ಲಿ ಸ್ಪ್ಯಾನಿಷ್

ವಿದೇಶ ವ್ಯಾಸಂಗ ಎಂದೊಡನೆ ನಮ್ಮ ನಗರಗಳ ವಿದ್ಯಾರ್ಥಿಗಳ ನೆನಪಿಗೆ ಬರುವುದು ಅಮೆರಿಕ, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯ. ಆದರೆ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೇ ಕಾಡಿನ ಪಾಠ ಕಲಿಯಲು ಆರು ದಶಕಗಳಿಂದ ಹೋಗುತ್ತಿರುವ ದೇಶವೊಂದಿದೆ. ಅದು ಮಧ್ಯ ಅಮೆರಿಕದ ಪುಟ್ಟ ಗಣರಾಜ್ಯ ಕೋಸ್ಟರಿಕಾ. ಜೀವವಿಜ್ಞಾನ, ಪರಿಸರ ವಿಜ್ಞಾನ, ಅರಣ್ಯಶಾಸ್ತ್ರದ ಒಂದು ಸೆಮಿಸ್ಟರನ್ನು ಅಲ್ಲಿ ಕಳೆಯುವವರಿಗೆ ಸಾಮಾನ್ಯವಾಗಿ ಎರಡು ಪಠ್ಯಗಳಿರುತ್ತವೆ. ಒಂದು ಉಷ್ಣವಲಯದ ಜೀವಲೋಕದ್ದು, ಇನ್ನೊಂದು ಸ್ಪ್ಯಾನಿಷ್ ಭಾಷೆಯದು. ಎರಡನೆಯದರ ಬಹುಭಾಗ ನಡೆಯುವುದು ತರಗತಿಯಲ್ಲಲ್ಲ. ವಿದ್ಯಾರ್ಥಿಯನ್ನು ಇರಿಸಿಕೊಂಡಿರುವ ಸ್ಥಳೀಯ ಕುಟುಂಬದ ಊಟದ ಮೇಜಿನ ಸುತ್ತ.

ವಿಜ್ಞಾನ ಕಲಿಯಲು ಇಂಗ್ಲಿಷ್ ಸಾಲದೇ ಎಂಬ ಪ್ರಶ್ನೆ ಸಹಜ. ಸಂಶೋಧನಾ ಪ್ರಬಂಧಗಳು ಇಂಗ್ಲಿಷಿನಲ್ಲಿವೆ, ಅಧ್ಯಯನ ಕೇಂದ್ರಗಳ ಉಪನ್ಯಾಸಗಳೂ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ. ಹೀಗಿದ್ದೂ ಸ್ಪ್ಯಾನಿಷ್ ಬಾರದ ವಿದ್ಯಾರ್ಥಿಗೆ ಕೋಸ್ಟರಿಕಾದ ಕಾಡು ಅರ್ಧ ಮಾತ್ರ ಕಾಣುತ್ತದೆ. ಇದು ಏಕೆಂಬುದನ್ನು ತಿಳಿಯಲು ಆ ದೇಶದ ವಿಜ್ಞಾನದ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕಾಡೇ ಪ್ರಯೋಗಾಲಯ

ಕೋಸ್ಟರಿಕಾದ ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರ್; ಕರ್ನಾಟಕದ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು ಅರ್ಧ ಕೋಟಿ. ಒಂದು ಪಕ್ಕ ಪೆಸಿಫಿಕ್ ಸಾಗರ, ಇನ್ನೊಂದು ಪಕ್ಕ ಕೆರಿಬಿಯನ್ ಸಮುದ್ರ, ನಡುವೆ ಜ್ವಾಲಾಮುಖಿಗಳ ಬೆನ್ನೆಲುಬು. ಒಂದೇ ದಿನದ ಪ್ರಯಾಣದಲ್ಲಿ ಎಲೆಯುದುರುವ ಒಣಕಾಡು, ಮೋಡ ಕವಿದ ಬೆಟ್ಟದ ಕಾಡು, ವರ್ಷವಿಡೀ ತೊಯ್ಯುವ ತಗ್ಗುಪ್ರದೇಶದ ಮಳೆಕಾಡು ಈ ಮೂರನ್ನೂ ಕಾಣಬಹುದಾದ ದೇಶಗಳು ವಿರಳ. 1948ರಲ್ಲಿ ಸೈನ್ಯವನ್ನೇ ರದ್ದುಪಡಿಸಿದ ಈ ದೇಶ ರಾಜಕೀಯವಾಗಿಯೂ ನೆರೆಯ ದೇಶಗಳಿಗಿಂತ ಶಾಂತವಾಗಿ ಉಳಿಯಿತು. ದಶಕಗಟ್ಟಲೆ ನಡೆಯಬೇಕಾದ ಸಂಶೋಧನೆಗೆ ಇಂತಹ ನೆಮ್ಮದಿ ಮಳೆಯಷ್ಟೇ ಮುಖ್ಯ.

1963ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೂ ಕೋಸ್ಟರಿಕಾ ವಿಶ್ವವಿದ್ಯಾಲಯವೂ ಸೇರಿ ಉಷ್ಣವಲಯ ಅಧ್ಯಯನ ಸಂಘಟನೆಯನ್ನು ಸ್ಥಾಪಿಸಿದವು. ಇಂಗ್ಲಿಷಿನಲ್ಲಿ ಅದು ಒ.ಟಿ.ಎಸ್., ಸ್ಪ್ಯಾನಿಷಿನಲ್ಲಿ ಒ.ಇ.ಟಿ. ಎಂಬ ಹ್ರಸ್ವನಾಮದಿಂದ ಪ್ರಸಿದ್ಧ. 1968ರಲ್ಲಿ ಈ ಸಂಘಟನೆ ಸರಾಪಿಕಿ ಪ್ರದೇಶದ ಲಾ ಸೆಲ್ವಾ ಎಂಬ ಜಮೀನನ್ನು ಸಸ್ಯವಿಜ್ಞಾನಿ ಲೆಸ್ಲಿ ಹೋಲ್ಡ್ರಿಜ್ ಅವರಿಂದ ಖರೀದಿಸಿತು. ಮಳೆ, ಉಷ್ಣತೆ, ಆರ್ದ್ರತೆಗಳ ಆಧಾರದಲ್ಲಿ ಜಗತ್ತಿನ ಕಾಡುಗಳನ್ನು ಜೀವವಲಯಗಳಾಗಿ ವಿಂಗಡಿಸಿದ ಹೋಲ್ಡ್ರಿಜ್ ಇವರೇ. ಇಂದು ಲಾ ಸೆಲ್ವಾ ಸುಮಾರು 1,600 ಹೆಕ್ಟೇರ್ ವಿಸ್ತಾರದ ಅಧ್ಯಯನ ಕೇಂದ್ರ. ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್. ಆಗುಂಬೆಯ ಮಳೆಯನ್ನು ಬಲ್ಲವರಿಗೆ ಈ ಅಂಕಿ ದೊಡ್ಡದೆನಿಸದು. ಆದರೆ ಆಗುಂಬೆಯಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆ ಲಾ ಸೆಲ್ವಾದಲ್ಲಿ ವರ್ಷದ ಎಲ್ಲ ತಿಂಗಳುಗಳಿಗೂ ಹಂಚಿಕೆಯಾಗಿದೆ. ಆದ್ದರಿಂದ ಅಲ್ಲಿನ ಮರಗಳಿಗೆ ನಮ್ಮ ಘಟ್ಟದ ಮರಗಳಂತೆ ದೀರ್ಘ ಬೇಸಿಗೆಯ ಪರೀಕ್ಷೆ ಇಲ್ಲ.

ಈ ಕಾಡಿನಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಡೆಬೊರಾ ಕ್ಲಾರ್ಕ್ ದಂಪತಿ 1984ರಿಂದ 2000ದವರೆಗೆ ಪ್ರತಿವರ್ಷ ಅವೇ ಮರಗಳ ಸುತ್ತಳತೆಯನ್ನು ಅಳೆದರು. ರಾತ್ರಿಯ ಉಷ್ಣತೆ ಹೆಚ್ಚಿದ್ದ ವರ್ಷಗಳಲ್ಲಿ ಮರಗಳ ಬೆಳವಣಿಗೆ ಕುಂಠಿತಗೊಂಡಿದ್ದನ್ನು ಅವರು 2003ರಲ್ಲಿ ಪ್ರಕಟಿಸಿದಾಗ, ಬಿಸಿಯೇರುವ ಭೂಮಿಯಲ್ಲಿ ಮಳೆಕಾಡುಗಳು ಇಂಗಾಲವನ್ನು ಹೀರುತ್ತಲೇ ಇರುತ್ತವೆಂಬ ನಂಬಿಕೆ ಅಲುಗಿತು. ವಿದ್ಯಾರ್ಥಿಗಳು ಅಳತೆ ಪಟ್ಟಿ ಹಿಡಿದು ಹೊರಡುವುದು ಇಂತಹ ಪರಂಪರೆಯಿರುವ ಕಾಡಿಗೆ.

ಬೇಸಿಗೆಯೆಂದರೆ ಯಾವುದು?

ಅಲ್ಲಿ ಭಾಷೆಯ ಮೊದಲ ಪೆಟ್ಟು ಬೀಳುವುದು ಋತುಗಳ ಹೆಸರಿನಲ್ಲಿ. ನಿಘಂಟಿನ ಪ್ರಕಾರ 'ವೆರಾನೊ' ಎಂದರೆ ಬೇಸಿಗೆ, 'ಇನ್ವಿಯೆರ್ನೊ' ಎಂದರೆ ಚಳಿಗಾಲ. ಕೋಸ್ಟರಿಕಾ ಭೂಮಧ್ಯರೇಖೆಯ ಉತ್ತರಕ್ಕಿದೆ. ಹಾಗಾಗಿ ಬೇಸಿಗೆ ಜೂನ್‌ನಲ್ಲಿ, ಚಳಿಗಾಲ ಡಿಸೆಂಬರ್‌ನಲ್ಲಿ ಇರಬೇಕೆಂದು ಹೊಸಬರು ಲೆಕ್ಕ ಹಾಕುತ್ತಾರೆ. ವಾಸ್ತವ ತದ್ವಿರುದ್ಧ. ಅಲ್ಲಿನ ಜನರಿಗೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ವೆರಾನೊ. ಮೇ ತಿಂಗಳಿಂದ ನವೆಂಬರ್‌ವರೆಗಿನ ಮಳೆಗಾಲ ಇನ್ವಿಯೆರ್ನೊ. ರೈತನೊಬ್ಬ 'ಈ ಮರ ಇನ್ವಿಯೆರ್ನೊದಲ್ಲಿ ಹೂ ಬಿಡುತ್ತದೆ' ಎಂದರೆ ಅದನ್ನು ಡಿಸೆಂಬರ್ ಎಂದು ಬರೆದುಕೊಂಡ ವಿದ್ಯಾರ್ಥಿಯ ದತ್ತಾಂಶ ಆರು ತಿಂಗಳಷ್ಟು ತಪ್ಪಿಹೋಗುತ್ತದೆ. ಜೂನ್ ಕೊನೆಯ ಹೊತ್ತಿಗೆ ಪೆಸಿಫಿಕ್ ಭಾಗದಲ್ಲಿ ಮಳೆ ಕೆಲದಿನ ಬಿಡುವು ಕೊಡುವುದುಂಟು. ಅದಕ್ಕೆ 'ಸಂತ ಹುವಾನನ ಪುಟ್ಟ ಬೇಸಿಗೆ' ಎಂಬ ಹೆಸರಿದೆ. ಮಳೆಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆಯ ದಿನ ನಿರ್ಧರಿಸುವ ನಮ್ಮ ರೈತರಿಗೆ ಈ ಪಂಚಾಂಗ ಅಪರಿಚಿತವೆನಿಸದು.

ಎರಡನೆಯ ಪಾಠ ಪ್ರಾಣಕ್ಕೇ ಸಂಬಂಧಿಸಿದ್ದು. 'ತೆರ್ಸಿಯೊಪೆಲೊ' ಎಂದರೆ ಮಖಮಲ್ಲು. ಅಂಗಡಿಯಲ್ಲಿ ಅದು ಬಟ್ಟೆ. ಕಾಡಿನ ದಾರಿಯಲ್ಲಿ ಅದು ಮಂಡಲದ ಹಾವಿನ ಬಂಧುವಾದ, ಆ ದೇಶದಲ್ಲಿ ಅತಿ ಹೆಚ್ಚು ವಿಷದ ಕಡಿತಗಳಿಗೆ ಕಾರಣವಾದ ಹಾವು. 'ಬಾಲಾ' ಎಂದರೆ ಗುಂಡು. ಕಾಡಿನಲ್ಲಿ ಅದು ಕಡಿದರೆ ಇಡೀ ದಿನ ನೋವುಣಿಸುವ ದೊಡ್ಡ ಕಪ್ಪಿರುವೆ. ಮುಂದೆ ನಡೆಯುವ ಸ್ಥಳೀಯ ಸಹಾಯಕ ಈ ಪದಗಳಲ್ಲೊಂದನ್ನು ಕೂಗಿದಾಗ ಹಿಂದಿನವರು ಅನುವಾದಕ್ಕಾಗಿ ಕಾಯಲಾಗದು.

ಹಾವಿನ ಪ್ರಸ್ತಾಪ ಬಂದಾಗ ಕ್ಲೊದೊಮಿರೊ ಪಿಕಾದೊ ಅವರನ್ನು ನೆನೆಯಬೇಕು. 1887ರಲ್ಲಿ ಹುಟ್ಟಿದ ಈ ಕೋಸ್ಟರಿಕಾ ವಿಜ್ಞಾನಿ ವಿರುದ್ಧ ದಿಕ್ಕಿನಲ್ಲಿ ಪಯಣಿಸಿದವರು. ಪ್ಯಾರಿಸ್‌ಗೆ ಹೋಗಿ ಫ್ರೆಂಚ್ ಭಾಷೆಯಲ್ಲಿ ವಿಜ್ಞಾನ ಕಲಿತ ಅವರು, ತಮ್ಮ ನಾಡಿನ ಮರಗಳ ಮೇಲೆ ಬೆಳೆಯುವ ಬ್ರೊಮೀಲಿಯಾಡ್ ಗಿಡಗಳ ಎಲೆಸಂದಿನ ನೀರಿನಲ್ಲಿ ಬದುಕುವ ಜೀವಿಗಳ ಬಗ್ಗೆ 1913ರಲ್ಲಿ ಪ್ರೌಢಪ್ರಬಂಧ ಬರೆದರು. ಸ್ವದೇಶಕ್ಕೆ ಮರಳಿ ಹಾವಿನ ವಿಷದ ಅಧ್ಯಯನಕ್ಕೆ ತೊಡಗಿದರು. ಅವರ ಹೆಸರಿನಲ್ಲಿ 1970ರಲ್ಲಿ ಆರಂಭವಾದ ಸಂಸ್ಥೆ ಕೋಸ್ಟರಿಕಾ ವಿಶ್ವವಿದ್ಯಾಲಯದ ಅಂಗವಾಗಿದ್ದು, ಇಂದು ಹಲವು ದೇಶಗಳಿಗೆ ಪ್ರತಿವಿಷ ಪೂರೈಸುತ್ತಿದೆ.

ರೈತರೇ ವಿಜ್ಞಾನಿಗಳಾದಾಗ

ಸ್ಪ್ಯಾನಿಷಿನಲ್ಲಿ ನಡೆಯುವ ವಿಜ್ಞಾನಕ್ಕೆ ಅತ್ಯುತ್ತಮ ನಿದರ್ಶನ ದೇಶದ ವಾಯವ್ಯ ಭಾಗದ ಗುವಾನಕಾಸ್ತೆಯಲ್ಲಿದೆ. ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ಮತ್ತು ಅವರ ಸಂಗಾತಿ ವಿನಿಫ್ರೆಡ್ ಹಾಲ್‌ವಾಕ್ಸ್ ಅಲ್ಲಿ 1978ರಿಂದ ಕಂಬಳಿಹುಳುಗಳ ಗಣತಿ ನಡೆಸುತ್ತ ಬಂದಿದ್ದಾರೆ. ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಅದು ಯಾವ ಚಿಟ್ಟೆಯಾಗುತ್ತದೆ, ಯಾವ ಪರಾವಲಂಬಿ ಕಣಜ ಅದನ್ನು ಕೊಲ್ಲುತ್ತದೆ ಎಂಬ ದಾಖಲೆ ಅದು. ಸಾವಿರಾರು ಪ್ರಭೇದಗಳ ಈ ಕೆಲಸ ಇಬ್ಬರಿಂದ ಆಗುವಂಥದ್ದಲ್ಲ. ಆಸುಪಾಸಿನ ಊರುಗಳ ಕೃಷಿಕರು, ಕೂಲಿಕಾರರು, ಗೃಹಿಣಿಯರನ್ನು ಆಯ್ದು ತರಬೇತಿ ನೀಡಿ 'ಪ್ಯಾರಾಟ್ಯಾಕ್ಸಾನಮಿಸ್ಟ್' ಎಂಬ ಹೊಸ ವೃತ್ತಿಯನ್ನೇ ಸೃಷ್ಟಿಸಲಾಯಿತು. ಮೊದಲ ತರಬೇತಿ ನಡೆದಿದ್ದು 1989ರಲ್ಲಿ. ಬಹುತೇಕರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಗಿಡದ ಗುರುತು ಅವರಿಗೆ ಬಾಲ್ಯದಿಂದಲೇ ಇತ್ತು.

ಇದರ ಫಲ 2004ರಲ್ಲಿ ಜಗತ್ತಿನ ಗಮನ ಸೆಳೆಯಿತು. 1775ರಿಂದ ಒಂದೇ ಪ್ರಭೇದವೆಂದು ಪರಿಗಣಿತವಾಗಿದ್ದ, ನೀಲಿ ಮಿಂಚಿನ ಒಂದು ಚಿಟ್ಟೆ ಆ ಒಂದು ಪ್ರದೇಶದಲ್ಲೇ ಹತ್ತು ಪ್ರಭೇದಗಳ ಗುಂಪೆಂದು ಡಿ.ಎನ್.ಎ. ಪರೀಕ್ಷೆಯ ಆಧಾರದಲ್ಲಿ ಸಂಶೋಧಕರು ಪ್ರಕಟಿಸಿದರು. ರೆಕ್ಕೆ ಬಿಚ್ಚಿದ ಚಿಟ್ಟೆಗಳು ನೋಡಲು ಬಹುತೇಕ ಒಂದೇ. ಆದರೆ ಅವುಗಳ ಕಂಬಳಿಹುಳುಗಳ ಬಣ್ಣವೂ ಅವು ತಿನ್ನುವ ಗಿಡಗಳೂ ಬೇರೆಬೇರೆ. ಈ ವ್ಯತ್ಯಾಸವನ್ನು ವರ್ಷಗಟ್ಟಲೆ ಚೀಲಗಳಲ್ಲಿ ಹುಳು ಸಾಕಿ ಬರೆದಿಟ್ಟವರು ಆ ಊರಿನವರು. ಅವರೊಡನೆ ಕುಳಿತು ಮಾತನಾಡಲಾಗದ ವಿದ್ಯಾರ್ಥಿಗೆ ಪ್ರಕಟಿತ ಪ್ರಬಂಧ ಸಿಗಬಹುದು. ಅದರ ಹಿಂದಿನ ತಿಳಿವಳಿಕೆ ಸಿಗದು.

ಇಂಗ್ಲಿಷ್ ಒಂದನ್ನೇ ನೆಚ್ಚಿದರೆ ಎಷ್ಟು ಕೈತಪ್ಪುತ್ತದೆ ಎಂಬುದಕ್ಕೆ ಅಂಕಿ-ಅಂಶವೂ ಇದೆ. ತತ್ಸುಯಾ ಅಮಾನೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ, ಜೀವವೈವಿಧ್ಯ ಸಂರಕ್ಷಣೆಯ ಕುರಿತು 2014ರಲ್ಲಿ ಹೊರಬಂದ 75,513 ವೈಜ್ಞಾನಿಕ ಬರಹಗಳನ್ನು 16 ಭಾಷೆಗಳಲ್ಲಿ ಹುಡುಕಿತು. ಅವುಗಳಲ್ಲಿ ಶೇ 35.6ರಷ್ಟು ಇಂಗ್ಲಿಷಿನಲ್ಲಿ ಇರಲಿಲ್ಲ. ಇಂಗ್ಲಿಷೇತರ ಭಾಷೆಗಳಲ್ಲಿ ಸ್ಪ್ಯಾನಿಷಿಗೆ ಮೊದಲ ಸ್ಥಾನ: ಒಟ್ಟು ಬರಹಗಳ ಶೇ 12.6. ನರಕೋಶದ ರಚನೆಯನ್ನು ವಿವರಿಸಿ 1906ರಲ್ಲಿ ನೊಬೆಲ್ ಪಡೆದ ಸ್ಪೇನ್‌ನ ಸಾಂತಿಯಾಗೊ ರಾಮೊನ್ ಇ ಕಾಹಾಲ್ ತಮ್ಮ ಆರಂಭದ ಶೋಧಗಳನ್ನು ಸ್ಪ್ಯಾನಿಷಿನಲ್ಲೇ ಪ್ರಕಟಿಸಿದ್ದರು. ಅವನ್ನು ಓದಲೆಂದು ಎಪ್ಪತ್ತು ದಾಟಿದ್ದ ಕ್ಯೋಲಿಕರ್ ಎಂಬ ಹಿರಿಯ ಅಂಗರಚನಾ ವಿಜ್ಞಾನಿ ಆ ಭಾಷೆಯನ್ನು ಕಲಿತರಂತೆ. ಇಪ್ಪತ್ತರ ಹರೆಯದವರಿಗೆ ಕಷ್ಟವೆಂಬ ನೆಪ ಉಳಿಯುವುದಿಲ್ಲ.

ಮೋಡಕಾಡಿನ ಊರು

ಮನೆವಾಸ ಮತ್ತು ವಿಜ್ಞಾನ ಒಂದಕ್ಕೊಂದು ಹೆಣೆದುಕೊಂಡಿರುವ ಊರು ಮೊಂತೆವೆರ್ದೆ. ಅಮೆರಿಕದ ಅಲಬಾಮಾದಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ನಿರಾಕರಿಸಿ ಸೆರೆವಾಸ ಅನುಭವಿಸಿದ ಕ್ವೇಕರ್ ಪಂಥದ ಕೆಲವು ಕುಟುಂಬಗಳು, ಸೈನ್ಯವಿಲ್ಲದ ದೇಶವನ್ನು ಅರಸಿ 1951ರಲ್ಲಿ ಈ ಬೆಟ್ಟದ ಮೇಲೆ ನೆಲೆಸಿದವು. ಹೈನುಗಾರಿಕೆ, ಚೀಸ್ ತಯಾರಿಕೆ ಅವರ ಕಸುಬು. ಊರಿನ ನೀರಿನ ಸೆಲೆ ಬತ್ತದಿರಲೆಂದು ಬೆಟ್ಟದ ನೆತ್ತಿಯ ಕಾಡನ್ನು ಕಡಿಯದೆ ಉಳಿಸಿಕೊಂಡರು. 1972ರಲ್ಲಿ ಆರಂಭವಾದ ಪ್ರಸಿದ್ಧ ಮೋಡಕಾಡು ಸಂರಕ್ಷಿತ ಪ್ರದೇಶಕ್ಕೆ ಆ ನಿರ್ಧಾರವೂ ಬುನಾದಿಯಾಯಿತು. 

ಇದೇ ಕಾಡಿನ ಚಿನ್ನದ ಕಪ್ಪೆ ಜಗತ್ತಿನಾದ್ಯಂತ ಸಂರಕ್ಷಣಾ ವಿಜ್ಞಾನದ ಪಾಠವಾಗಿದೆ. ಕೆಲವೇ ಚದರ ಕಿಲೋಮೀಟರ್‌ನಲ್ಲಿ ಮಾತ್ರ ಇದ್ದ ಈ ಕಿತ್ತಳೆ ಬಣ್ಣದ ಕಪ್ಪೆ ವರ್ಷದಲ್ಲಿ ಕೆಲವು ದಿನ ಮಾತ್ರ ಮಳೆನೀರಿನ ಗುಂಡಿಗಳಲ್ಲಿ ನೆರೆಯುತ್ತಿತ್ತು. 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಎಣಿಕೆಗೆ ಸಿಕ್ಕವು. 1989ರಲ್ಲಿ ಕಂಡದ್ದು ಒಂದೇ ಒಂದು ಗಂಡು. ಅನಂತರ ಯಾರಿಗೂ ಅದು ಕಾಣಿಸಲಿಲ್ಲ. 2004ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಲಾಯಿತು. ಕೈಟ್ರಿಡ್ ಎಂಬ ಶಿಲೀಂಧ್ರ ರೋಗ, ಬದಲಾಗುತ್ತಿರುವ ಹವೆ ಇವೆರಡರ ಪಾಲು ಎಷ್ಟೆಷ್ಟು ಎಂಬ ಚರ್ಚೆ ಮುಂದುವರಿದಿದೆ. ಮೊಂತೆವೆರ್ದೆಯಲ್ಲಿ ಮಂಜು ಇಳಿಯದ ಒಣದಿನಗಳು ಹೆಚ್ಚುತ್ತಿರುವುದನ್ನು ಅಲನ್ ಪೌಂಡ್ಸ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿಕೊಟ್ಟರು. ಆ ಬೆಟ್ಟದ ಮನೆಯೊಂದರಲ್ಲಿ ವಾಸಿಸುವ ವಿದ್ಯಾರ್ಥಿ ಅಜ್ಜನನ್ನು 'ಮೊದಲು ಮಂಜು ಎಲ್ಲಿಯವರೆಗೆ ಇಳಿಯುತ್ತಿತ್ತು' ಎಂದು ಅವನ ಭಾಷೆಯಲ್ಲೇ ಕೇಳಬಲ್ಲವನಾದರೆ, ಯಾವ ಮಾಪಕವೂ ಇಲ್ಲದ ಕಾಲದ ಒಂದು ಸಾಕ್ಷ್ಯ ಅವನಿಗೆ ಸಿಗುತ್ತದೆ.

ಇಲ್ಲಿಯ ಮರಗಳ ನೆತ್ತಿಯ ಮೇಲೆ ಹಗ್ಗ ಕಟ್ಟಿ ಹತ್ತಿ, ಸೀತಾಳೆ ದಂಡೆ, ಜರೀಗಿಡ, ಪಾಚಿಗಳ ಲೋಕವನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖರು ನಳಿನಿ ನಾಡಕರ್ಣಿ. ಭಾರತೀಯ ತಂದೆಯ ಮಗಳಾಗಿ ಅಮೆರಿಕದಲ್ಲಿ ಬೆಳೆದ ಅವರ ಮನೆತನದ ಹೆಸರು ನಮ್ಮ ಕರಾವಳಿಯ ಓದುಗರಿಗೆ ತೀರಾ ಪರಿಚಿತ. ಮೊಂತೆವೆರ್ದೆಯ ಜೀವಲೋಕದ ಬಗ್ಗೆ ಅವರು ನಥಾನಿಯಲ್ ವೀಲ್‌ರೈಟ್ ಜತೆ ಸಂಪಾದಿಸಿದ ಬೃಹತ್ ಗ್ರಂಥ 2000ದಲ್ಲಿ ಪ್ರಕಟವಾಯಿತು.

ಮನೆಯೊಳಗೆ

ಕೋಸ್ಟರಿಕಾದವರು ತಮ್ಮನ್ನು 'ತಿಕೊ' ಎಂದು ಕರೆದುಕೊಳ್ಳುತ್ತಾರೆ. ಪದಗಳ ಕೊನೆಗೆ ಅಕ್ಕರೆಯ '-ತಿಕೊ' ಪ್ರತ್ಯಯ ಹಚ್ಚುವ ಅಭ್ಯಾಸದಿಂದ ಬಂದ ಹೆಸರದು. ಆತಿಥೇಯ ತಾಯಿಯನ್ನು ವಿದ್ಯಾರ್ಥಿಗಳು 'ಮಾಮಾ ತಿಕಾ' ಎನ್ನುವುದು ರೂಢಿ. ವ್ಯವಸ್ಥೆ ಸರಳ: ಕೋರ್ಸ್ ನಡೆಸುವ ಸಂಸ್ಥೆ ಕುಟುಂಬಕ್ಕೆ ನಿಗದಿತ ಹಣ ಕೊಡುತ್ತದೆ, ಕುಟುಂಬ ಕೋಣೆ, ಬೆಳಗಿನ ತಿಂಡಿ, ರಾತ್ರಿಯ ಊಟ ಒದಗಿಸುತ್ತದೆ. ಇದು ಧರ್ಮಛತ್ರವೂ ಅಲ್ಲ, ಹೋಟೆಲ್ಲೂ ಅಲ್ಲ. ಹಣ ಕೊಟ್ಟಿದ್ದೇವೆಂಬ ಗತ್ತಿನಲ್ಲಿ ನಡೆದುಕೊಳ್ಳುವವರಿಗೂ, ಸಂಕೋಚದಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂರುವವರಿಗೂ ಸ್ಪ್ಯಾನಿಷ್ ಬರುವುದಿಲ್ಲ.

ಅಡುಗೆಮನೆ ಕನ್ನಡಿಗರಿಗೆ ಅಚ್ಚರಿ ಹುಟ್ಟಿಸುವಷ್ಟು ಹತ್ತಿರದ್ದು. ಬೆಳಗಿನ ತಿಂಡಿ 'ಗಾಯೊ ಪಿಂತೊ'. ಪದಶಃ 'ಚುಕ್ಕೆ ಹುಂಜ' ಎಂಬ ಅರ್ಥವಾದರೂ ಅದರಲ್ಲಿ ಹುಂಜವಿಲ್ಲ. ನಿನ್ನೆ ಉಳಿದ ಅನ್ನವನ್ನು ಬೇಯಿಸಿದ ಕಪ್ಪು ಹುರುಳಿಕಾಯಿ ಬೀಜ, ಈರುಳ್ಳಿ, ಕೊತ್ತಂಬರಿಯೊಂದಿಗೆ ಹುರಿದ ತಿಂಡಿ. ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ಮನೆಗಳಿಗೆ ಇದರ ತರ್ಕ ವಿವರಿಸಬೇಕಿಲ್ಲ. ಕಾಫಿಯನ್ನು ಮರದ ಚೌಕಟ್ಟಿಗೆ ತೂಗುಹಾಕಿದ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಈ ಸಲಕರಣೆಯ ಹೆಸರು 'ಚೊರ್ರೆಯಾದೋರ್'. ಸಂಜೆಗೆ 'ಆಗ್ವಾದುಲ್ಸೆ', ಅಂದರೆ ಬಿಸಿನೀರಿನಲ್ಲಿ ಕರಗಿಸಿದ ಬೆಲ್ಲ. ಆ ಬೆಲ್ಲ ಮಾಡುವ 'ತ್ರಾಪಿಚೆ' ಮಂಡ್ಯದ ಆಲೆಮನೆಯ ದೂರದ ನೆಂಟ.

ಸಸ್ಯಾಹಾರಿಗಳು ಮಾತ್ರ ಒಂದು ವಿಷಯವನ್ನು ಗಮನದಲ್ಲಿಡಬೇಕು. 'ಕಾರ್ನೆ' ಎಂಬ ಪದ ನಿಘಂಟಿನಲ್ಲಿ ಮಾಂಸ. ಆಡುಮಾತಿನಲ್ಲಿ ಬಹುತೇಕ ದನದ ಮಾಂಸ. 'ನಾನು ಕಾರ್ನೆ ತಿನ್ನುವುದಿಲ್ಲ' ಎಂದಷ್ಟೇ ಹೇಳಿದವರ ತಟ್ಟೆಗೆ ಕೋಳಿಯೋ ಮೀನೋ ಬರುವ ಸಂಭವವಿದೆ, ಅದೂ ಪ್ರೀತಿಯಿಂದ. ಕೋಳಿ, ಮೀನು, ಹಂದಿಯ ಕೊಬ್ಬು ಯಾವುದೂ ಬೇಡವೆಂದು ಒಂದೊಂದನ್ನೂ ಹೆಸರಿಸಿ ಹೇಳುವುದು ಕ್ಷೇಮ. ಅನ್ನ, ಕಾಳು, ಕರಿದ ಬಾಳೆಕಾಯಿ, ಸೊಪ್ಪುತರಕಾರಿಯ ಊಟಕ್ಕೆ ಅಲ್ಲಿ ಕೊರತೆಯಿಲ್ಲ.

ಇತರ ಮನೆನಿಯಮಗಳೂ ಇವೆ. ಶೌಚಾಲಯದ ಕಾಗದವನ್ನು ಕೊಳಾಯಿಗೆ ಬಿಡದೆ ಪಕ್ಕದ ಬುಟ್ಟಿಗೆ ಹಾಕಬೇಕು. ಹಲವು ಮನೆಗಳಲ್ಲಿ ಬಿಸಿನೀರು ಬರುವುದು ಷವರ್ ಬಾಯಿಗೇ ಜೋಡಿಸಿದ ವಿದ್ಯುತ್ ಹೀಟರ್‌ನಿಂದ. ಸ್ನಾನದ ನಡುವೆ ಅದನ್ನು ಮುಟ್ಟಬಾರದು. ವಿಳಾಸ ಹೇಳುವ ಕ್ರಮವಂತೂ ಬೆಂಗಳೂರಿನವರಿಗೆ ಖುಷಿ ಕೊಡುವಂಥದ್ದು. ಮನೆಸಂಖ್ಯೆಯ ಬದಲು 'ಚರ್ಚಿನಿಂದ 200 ಮೀಟರ್ ಉತ್ತರಕ್ಕೆ' ಎನ್ನುತ್ತಾರೆ. 100 ಮೀಟರ್ ಎಂದರೆ ಅಳತೆಯಲ್ಲ, ಒಂದು ಬೀದಿಯಷ್ಟು ದೂರ. ರಾಜಧಾನಿ ಸ್ಯಾನ್ ಹೋಸೆಯ ಸ್ಯಾನ್ ಪೆದ್ರೊ ಭಾಗದಲ್ಲಿ ಎಂದೋ ಬಿದ್ದುಹೋದ ಹಳೆಯ ಅತ್ತಿಮರವೊಂದು ಇಂದಿಗೂ ವಿಳಾಸಗಳಲ್ಲಿ ಜೀವಂತವಾಗಿದೆ. 'ಅವೊರಿತಾ' ಎಂದರೆ ಪುಸ್ತಕದಲ್ಲಿ 'ಈಗಲೇ'. ಬಾಯಿಮಾತಿನಲ್ಲಿ ನಮ್ಮವರ 'ಇದೋ ಬಂದೆ' ಎಂಬ ಭರವಸೆಯಷ್ಟೇ ನಂಬಲರ್ಹ.

ಮರ್ಯಾದೆಯ ವಿಚಾರದಲ್ಲಿ ತಿಕೊಗಳದು ವಿಶಿಷ್ಟ ಪದ್ಧತಿ. ಸ್ಪ್ಯಾನಿಷಿನಲ್ಲಿ 'ತೂ' ಎಂದರೆ ನೀನು, 'ಉಸ್ತೆದ್' ಎಂದರೆ ನೀವು ಎಂದು ಪಠ್ಯಪುಸ್ತಕ ಕಲಿಸುತ್ತದೆ. ಕೋಸ್ಟರಿಕಾದಲ್ಲಿ ತಾಯಿ ಮಗುವನ್ನು, ಗಂಡ ಹೆಂಡತಿಯನ್ನು, ಕೆಲವರು ಸಾಕುನಾಯಿಯನ್ನೂ 'ಉಸ್ತೆದ್' ಎನ್ನುತ್ತಾರೆ. ಆಪ್ತರ ನಡುವೆ 'ವೊಸ್' ಎಂಬ ಮೂರನೆಯ ರೂಪವೂ ಇದೆ. ಮಕ್ಕಳನ್ನು ಬಹುವಚನದಲ್ಲಿ ಕರೆಯುವ ನಮ್ಮ ಕೆಲವು ಮನೆಗಳನ್ನು ನೆನೆದರೆ ಇದರ ಮಾಧುರ್ಯ ತಿಳಿದೀತು.

ಮನೆವಾಸದಿಂದ ಭಾಷೆ ತಾನಾಗಿ ಬಂದುಬಿಡುತ್ತದೆಂಬ ಜಾಹೀರಾತಿನ ಮಾತನ್ನು ಪೂರ್ಣವಾಗಿ ನಂಬಬೇಕಿಲ್ಲ. ಸ್ಪೇನ್‌ನಲ್ಲಿ ಒಂದು ಸೆಮಿಸ್ಟರ್ ಕಳೆದ ಅಮೆರಿಕದ ವಿದ್ಯಾರ್ಥಿಗಳನ್ನು ತವರಿನ ತರಗತಿಯಲ್ಲೇ ಕಲಿತವರೊಡನೆ ಹೋಲಿಸಿದ ಅಧ್ಯಯನಗಳು 2004ರಲ್ಲಿ ಪ್ರಕಟವಾದವು. ನಾರ್ಮನ್ ಸೆಗಲೊವಿಟ್ಸ್ ಮತ್ತು ಬಾರ್ಬರಾ ಫ್ರೀಡ್ ಅವರ ಪ್ರಕಾರ ಹೊರದೇಶಕ್ಕೆ ಹೋದವರ ಮಾತಿನ ಓಘ ಹೆಚ್ಚು ಸುಧಾರಿಸಿತ್ತು. ಆದರೆ ತರಗತಿಯ ಹೊರಗೆ ಕಳೆದ ಸಮಯಕ್ಕೂ ಆ ಸುಧಾರಣೆಗೂ ನೇರ ಸಂಬಂಧ ದುರ್ಬಲವಾಗಿತ್ತು. ಜೋಸೆಫ್ ಕೊಲೆಂಟೈನ್ ಅವರ ಅಧ್ಯಯನದಲ್ಲಿ ಬಿಡಿಬಿಡಿ ವ್ಯಾಕರಣಾಂಶಗಳಲ್ಲಿ ತವರಿನಲ್ಲಿ ಉಳಿದವರೇ ಮುಂದಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. 'ಊಟ ಆಯಿತೇ, ನಾಳೆ ಎಷ್ಟು ಗಂಟೆಗೆ ಏಳುತ್ತೀಯ' ಎಂಬಷ್ಟಕ್ಕೆ ಮಾತು ನಿಂತರೆ ಮೂರು ತಿಂಗಳು ಕಳೆದರೂ ಅಷ್ಟೇ ಉಳಿಯುತ್ತದೆ. ಬ್ಯಾಚಿನ ಮೇಲೆ ಬ್ಯಾಚು ವಿದ್ಯಾರ್ಥಿಗಳನ್ನು ಕಂಡ ಕುಟುಂಬಗಳು ಅತಿಥಿಗಾಗಿ ತಮ್ಮ ಮಾತನ್ನೇ ಸರಳಗೊಳಿಸಿಕೊಳ್ಳುವುದೂ ಉಂಟು. ವಿಜ್ಞಾನದ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ದಿನವೂ ಹೊಸದೊಂದು ಪ್ರಾಣಿ, ಗಿಡ, ಪ್ರಶ್ನೆಯೊಡನೆ ಅವನು ಮನೆಗೆ ಬರುತ್ತಾನೆ. ಎಲೆ ಕತ್ತರಿಸುವ ಇರುವೆಯ ಬಗ್ಗೆ ಕೇಳಿದರೆ, ಅದು ತಮ್ಮ ತೋಟ ಬೋಳಿಸಿದ ಕಥೆ ಹೇಳಲು ಮನೆಮಂದಿಯೆಲ್ಲ ಸಿದ್ಧರಿರುತ್ತಾರೆ.

ಕನ್ನಡಿಗರಿಗೆ ಎಷ್ಟು ಸುಲಭ?

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಇಂಗ್ಲಿಷ್ ಮಾತೃಭಾಷೆಯವರಿಗೆ ವೃತ್ತಿಮಟ್ಟದ ಪ್ರಾವೀಣ್ಯಕ್ಕೆ 600ರಿಂದ 750 ತರಗತಿ ಗಂಟೆಗಳು ಬೇಕೆಂದು ಅಮೆರಿಕದ ರಾಜತಾಂತ್ರಿಕರ ತರಬೇತಿ ಸಂಸ್ಥೆಯ ಅಂದಾಜು. ಕನ್ನಡ ಬಲ್ಲವರು ಕೆಲವೆಡೆ ಇಂಗ್ಲಿಷರಿಗಿಂತ ಮುಂದಿರುತ್ತಾರೆ. ಸ್ಪ್ಯಾನಿಷಿನ ತ, ದ ಧ್ವನಿಗಳು ನಮ್ಮ ದಂತ್ಯಾಕ್ಷರಗಳೇ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ 'ಞ' ಅಲ್ಲಿ ದಿನಬಳಕೆಯ ಅಕ್ಷರ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಹಳಗನ್ನಡದ ಶಕಟರೇಫವನ್ನು ಕೇಳಿದವರಿಗೆ ಎರಡು ರಕಾರಗಳ ಭೇದ ಹೊಸದಲ್ಲ.

ವಾಕ್ಯರಚನೆಯಲ್ಲೂ ಹೋಲಿಕೆಗಳಿವೆ. 'ಮೆ ಗುಸ್ತಾ ಎಲ್ ಕಫೆ' ಎಂಬಲ್ಲಿ ಇಂಗ್ಲಿಷರು ತಡವರಿಸುತ್ತಾರೆ. 'ನನಗೆ ಕಾಫಿ ಇಷ್ಟ' ಎನ್ನುವ ಕನ್ನಡಿಗರಿಗೆ ಅದು ತಮ್ಮದೇ ಚತುರ್ಥಿ ವಿಭಕ್ತಿ. 'ಬಂದೆ' ಎಂದರೆ ಸಾಕು, 'ನಾನು' ಬೇಕಿಲ್ಲ; ಸ್ಪ್ಯಾನಿಷಿನ 'ವೀನೆ' ಕೂಡ ಹಾಗೆಯೇ. 'ಇರು' ಎಂಬರ್ಥಕ್ಕೆ ಅಲ್ಲಿ ಎರಡು ಕ್ರಿಯಾಪದಗಳಿರುವುದು ಪ್ರಸಿದ್ಧ ತಲೆನೋವು. 'ಅವಳು ಶಿಕ್ಷಕಿ' ಎಂಬಲ್ಲಿ ಕ್ರಿಯಾಪದ ಬಿಟ್ಟು, 'ಅವಳು ಮನೆಯಲ್ಲಿದ್ದಾಳೆ' ಎಂಬಲ್ಲಿ ಬಳಸುವ ಕನ್ನಡದ ಕ್ರಮ ಆ ಭೇದವನ್ನು ಒಂದಿಷ್ಟು ದೂರದವರೆಗೆ ಮುಟ್ಟಿಸುತ್ತದೆ.

ತೊಡಕುಗಳೂ ಕಡಿಮೆಯಿಲ್ಲ. ಕನ್ನಡದಲ್ಲಿ ಮರ, ಕಲ್ಲು, ಪುಸ್ತಕಗಳೆಲ್ಲ 'ಅದು'. ಸ್ಪ್ಯಾನಿಷಿನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ, ಕೈ ಸ್ತ್ರೀಲಿಂಗ, ನಕ್ಷೆ ಪುಲ್ಲಿಂಗ. ಸ್ವರಗಳಲ್ಲಿ ಹ್ರಸ್ವ-ದೀರ್ಘದ ಬದಲು ಒತ್ತು ಅರ್ಥವನ್ನು ನಿರ್ಧರಿಸುತ್ತದೆ. 'ಪಾಪಾ' ಎಂಬಲ್ಲಿ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಆಲೂಗಡ್ಡೆ, ಎರಡನೆಯದಕ್ಕೆ ಕೊಟ್ಟರೆ ಅಪ್ಪ. ಆತಿಥೇಯ ಮನೆಯ ಯಜಮಾನನನ್ನು ಮೊದಲ ವಾರ ಆಲೂಗಡ್ಡೆ ಎಂದು ಕರೆಯುವವರು ಕಡಿಮೆಯೇನಲ್ಲ.

ಕಾಫಿಯ ನಂಟು

ಕರ್ನಾಟಕದ ಕೃಷಿವಿಜ್ಞಾನ ವಿದ್ಯಾರ್ಥಿಗಳಿಗೆ ಕೋಸ್ಟರಿಕಾದಲ್ಲಿ ಇನ್ನೂ ಹತ್ತಿರದ ವಿಷಯವೊಂದಿದೆ. ಕಾಫಿಯ ಎಲೆ ತುಕ್ಕು ರೋಗವನ್ನು ಅಲ್ಲಿ 'ರೊಯಾ' ಎನ್ನುತ್ತಾರೆ. 1983ರಲ್ಲಿ ಕೋಸ್ಟರಿಕಾ ತಲುಪಿದ ಈ ರೋಗ 2012-13ರಲ್ಲಿ ಮಧ್ಯ ಅಮೆರಿಕದಾದ್ಯಂತ ಭುಗಿಲೆದ್ದು ಲಕ್ಷಾಂತರ ಕೂಲಿಕಾರರ ಬದುಕಿಗೆ ಪೆಟ್ಟು ಕೊಟ್ಟಿತು. ನಮ್ಮಲ್ಲಿ ಅದು 19ನೇ ಶತಮಾನದಲ್ಲೇ ಬಂದಿತ್ತು. ರೋಗಕ್ಕೆ ಜಗ್ಗದ ಗಿಡಗಳನ್ನು ಆರಿಸಿದ 'ಕೆಂಟ್ಸ್' ತಳಿ ಹುಟ್ಟಿದ್ದು ಮೈಸೂರು ಸೀಮೆಯ ಕಾಫಿ ತೋಟದಲ್ಲಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಈ ಕೆಲಸದಲ್ಲಿ ತೊಡಗಿದೆ. ಅತ್ತ ತುರ್ರಿಯಾಲ್ಬಾ ಪಟ್ಟಣದಲ್ಲಿ 'ಕಾತಿಯೆ' ಎಂಬ ಉಷ್ಣವಲಯ ಕೃಷಿ ಸಂಶೋಧನಾ ಮತ್ತು ಉನ್ನತ ಶಿಕ್ಷಣ ಕೇಂದ್ರವಿದ್ದು, ಜಗತ್ತಿನ ಪ್ರಮುಖ ಕಾಫಿ ತಳಿ ಸಂಗ್ರಹಗಳಲ್ಲೊಂದು ಅದರ ತೋಟದಲ್ಲಿದೆ. ಮರದ ನೆರಳಿನ ಕಾಫಿ ಅಲ್ಲಿನ ಸಂಶೋಧನೆಯ ಮುಖ್ಯ ವಸ್ತು. ಕೊಡಗು, ಚಿಕ್ಕಮಗಳೂರಿನಿಂದ ಹೋದವರು ಹೇಳುವುದಕ್ಕೂ ಕೇಳುವುದಕ್ಕೂ ಬಹಳವಿದೆ, ಬೆಳೆಗಾರನ ಭಾಷೆ ಬಂದರೆ.

ಹೊರಡುವ ಮುನ್ನ

ಭಾರತದ ವಿದ್ಯಾರ್ಥಿಗಳಿಗೆ ಇರುವ ಒಂದು ದಾರಿ, ಅಮೆರಿಕ ಅಥವಾ ಯುರೋಪಿನ ವಿಶ್ವವಿದ್ಯಾಲಯಕ್ಕೆ ಸೇರಿ ಅಲ್ಲಿಂದ ಸೆಮಿಸ್ಟರ್ ಅಥವಾ ಬೇಸಿಗೆ ಕೋರ್ಸಿಗೆ ಹೋಗುವುದು. ಸ್ನಾತಕೋತ್ತರ ಹಂತದಲ್ಲಿ ಅಲ್ಲಿನ ಸಂಸ್ಥೆಗಳಿಗೆ ನೇರವಾಗಿಯೂ ಅರ್ಜಿ ಹಾಕಬಹುದು. ಅಂಕಗಳನ್ನು ತಮ್ಮ ವಿಶ್ವವಿದ್ಯಾಲಯ ಮಾನ್ಯ ಮಾಡುವುದೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಬೇಕು. ಸೊನ್ನೆಯಿಂದ ಹೊರಡುವುದಕ್ಕಿಂತ, ಬೆಂಗಳೂರಿನಂತಹ ನಗರದಲ್ಲೇ ಆರು ತಿಂಗಳು ಕಲಿತು ಮೊದಲೆರಡು ಹಂತ ದಾಟಿ ಹೋಗುವುದು ಲೇಸು. ಯುರೋಪಿನ ಸಾಮಾನ್ಯ ಮಾನದಂಡದಲ್ಲಿ ಅವು ಎ1, ಎ2. ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ನಡೆಸುವ 'ಡಿ.ಇ.ಎಲ್.ಇ.' ಪರೀಕ್ಷೆಯ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಸಂಸ್ಥೆಯ ಶಾಖೆ ದೆಹಲಿಯಲ್ಲಿದೆ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ದೆಹಲಿಯ ಕೋಸ್ಟರಿಕಾ ರಾಯಭಾರ ಕಚೇರಿಯ ಮಾಹಿತಿಯೇ ಅಂತಿಮ. ಕುಟುಂಬದ ಆಯ್ಕೆ ಹೇಗೆ ನಡೆಯುತ್ತದೆ, ಹೊಂದಾಣಿಕೆಯಾಗದಿದ್ದರೆ ಮನೆ ಬದಲಿಸಲು ಅವಕಾಶವಿದೆಯೇ, ರಾತ್ರಿ ಅನಾರೋಗ್ಯವಾದರೆ ಯಾರಿಗೆ ಕರೆ ಮಾಡಬೇಕು ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಡದ ಸಂಸ್ಥೆಯನ್ನು ದೂರವಿಡುವುದು ಒಳ್ಳೆಯದು.

ಕಾಡಿನಿಂದ ಎಲೆ, ಕೀಟ, ಮಣ್ಣು ಏನನ್ನೂ ಸ್ಮರಣಿಕೆಯಾಗಿ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. 1998ರಲ್ಲಿ ಕೋಸ್ಟರಿಕಾ ಜಾರಿಗೊಳಿಸಿದ ಜೀವವೈವಿಧ್ಯ ಕಾಯಿದೆ, 2002ರ ಭಾರತದ ಕಾಯಿದೆಗಿಂತ ನಾಲ್ಕು ವರ್ಷ ಹಿರಿಯದು. ಅದರನ್ವಯ ಜೀವಿಗಳ ಮಾದರಿ ಸಂಗ್ರಹಕ್ಕೂ ಸಾಗಣೆಗೂ ಪರವಾನಗಿ ಕಡ್ಡಾಯ. ಪರವಾನಗಿಯನ್ನು ಸಾಮಾನ್ಯವಾಗಿ ಕೋರ್ಸ್ ನಡೆಸುವ ಸಂಸ್ಥೆಯೇ ಪಡೆದಿರುತ್ತದೆ. ಸ್ವತಂತ್ರ ಸಂಶೋಧನೆಗೆ ಹೋಗುವವರು ತಿಂಗಳುಗಳ ಮೊದಲೇ ಅರ್ಜಿ ಸಲ್ಲಿಸಬೇಕು. ದೇಶದ ಅಧಿಕೃತ ಭಾಷೆ ಸ್ಪ್ಯಾನಿಷ್ ಆಗಿರುವುದರಿಂದ ಆ ಕಚೇರಿಯ ವ್ಯವಹಾರವೂ ಅದೇ ಭಾಷೆಯಲ್ಲಿರುತ್ತದೆ.